ದಮ್ಮು ಇದ್ದ ವಿಜ್ಞಾನಿ

ನಮ್ಮ ಬೆಳಗಾವಿ ಕಡೆ ದಮ್ಮು ಅನ್ನುವ ಪದಕ್ಕೆ ಎರಡು ಅರ್ಥ. ಒಂದು ಧೈರ್ಯ, ತಾಕತ್ತು. ಇನ್ನೊಂದು ಉಬ್ಬಸ, ಅಂದರೆ ಅಸ್ತಮಾ. ಮೊದಲನೆಯದು ನನ್ನಲ್ಲಿ ಎಷ್ಟಿದೆಯೋ ಗೊತ್ತಿಲ್ಲ. ಎರಡನೆಯದು ಮಾತ್ರ ಮೂರನೇ ಕ್ಲಾಸಿನಿಂದ ಜೊತೆಗಿದೆ. ಚಳಿಗಾಲ ಬಂದರೆ, ರಾಶಿ ಮಾಡುವಾಗ ಕಣದ ಧೂಳು ಎದ್ದರೆ ಎದೆಯೊಳಗೆ ಸೀಟಿ ಊದಿದಂತೆ ಸದ್ದು ಶುರುವಾಗುತ್ತದೆ. ಕಿಸೆಯಲ್ಲಿ ಇನ್‌ಹೇಲರ್ ಇಲ್ಲದೆ ನಾನು ಮನೆಯಿಂದ ಹೊರಗೆ ಕಾಲಿಟ್ಟಿದ್ದು ಕಡಿಮೆ.

ನಮ್ಮೂರಲ್ಲಿ ಬೆಳಗಿನ ಐದಕ್ಕೇ ರಸ್ತೆ ಮೇಲೆ ಹುಡುಗರು ಓಡುತ್ತಿರುತ್ತಾರೆ. ಎಲ್ಲರದೂ ಸೇನಾ ಭರ್ತಿಯ ತಯಾರಿ. ನಮ್ಮ ಕಾಕಾ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರ ಫೋಟೊ ನಮ್ಮ ಪಡಸಾಲೆಯಲ್ಲಿ ದೇವರ ಫೋಟೊಗಳ ಸಾಲಿನಲ್ಲೇ ಇದೆ. ನಾನು ಮೆಕ್ಯಾನಿಕಲ್ ಬಿ.ಇ. ಸೇರಿದಾಗ ಅವರಿಗೆ ಒಂದೇ ಆಸೆ ಇತ್ತು. ಎಂಜಿನಿಯರಿಂಗ್ ಮುಗಿಸಿದವರಿಗೆ ಸೇನೆಯಲ್ಲಿ ನೇರವಾಗಿ ಅಧಿಕಾರಿಯಾಗುವ ದಾರಿ ಇದೆ, ಆ ದಾರಿಯಲ್ಲಿ ನಾನು ಹೋಗಬೇಕು ಎಂಬುದು. ನನಗೂ ಅದೇ ಆಸೆ. ಮೊದಲ ವರ್ಷವೇ ಎನ್‌ಸಿಸಿ ಸೇರಿದೆ. ಅಸ್ತಮಾ ವಿಷಯವನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.

ಕಳೆದ ಡಿಸೆಂಬರ್ ಕ್ಯಾಂಪಿನಲ್ಲಿ ಅಡೆತಡೆ ಓಟದ ಸ್ಪರ್ಧೆ ಇತ್ತು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿತು. ಇನ್‌ಹೇಲರ್ ಟೆಂಟಿನಲ್ಲಿ ಟ್ರಂಕಿನ ತಳದಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇಟ್ಟಿದ್ದೆ. ಮುಂದೆ ಹೋಗಿದ್ದ ಇಬ್ಬರು ಗೆಳೆಯರು ಹಿಂದಿರುಗಿ ಬಂದು ನನ್ನನ್ನು ಎತ್ತಿಕೊಂಡು ಹೋದರು. ನಮ್ಮ ತಂಡ ಸೋತಿತು. ಬೆಳಗಿನ ತಿಂಡಿ ಸರಿಹೋಗಲಿಲ್ಲ ಎಂದು ಸುಳ್ಳು ಹೇಳಿದೆ. ಅವರು ನಂಬಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಾದ ಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಒಬ್ಬರ ಜೀವನದ ಕಥೆ ಓದಿದೆ. ಅವರ ಹೆಸರು ನಿಮಗೂ ಗೊತ್ತು. ಪಿಯುಸಿ ಕೆಮಿಸ್ಟ್ರಿಯಲ್ಲಿ ಬಾರ್ನ್–ಹೇಬರ್ ಚಕ್ರ ಎಂದು ಸಿಇಟಿಗಾಗಿ ಬಾಯಿಪಾಠ ಮಾಡಿದ್ದೇವಲ್ಲ, ಆ ಬಾರ್ನ್. ಪೂರ್ತಿ ಹೆಸರು ಮ್ಯಾಕ್ಸ್ ಬಾರ್ನ್. 1954ರಲ್ಲಿ ಭೌತವಿಜ್ಞಾನಕ್ಕೆ ನೊಬೆಲ್ ಪಡೆದವರು. ಅವರಿಗೂ ದಮ್ಮು ಇತ್ತು ಎಂದು ನನಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಬ್ರೆಸ್ಲೌ ನಗರದ ಹುಡುಗ

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ನಗರದಲ್ಲಿ. ಇಂದು ಅದು ಪೋಲೆಂಡಿನಲ್ಲಿದೆ, ಹೆಸರು ವ್ರೊಟ್ಸ್ವಾಫ್. ಯೆಹೂದಿ ಕುಟುಂಬ. ತಂದೆ ಗುಸ್ತಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಬಟ್ಟೆ ಗಿರಣಿಗಳ ಶ್ರೀಮಂತ ಮನೆತನದವರು. ಹುಡುಗನಿಗೆ ನಾಲ್ಕು ವರ್ಷವಾಗುವ ಮೊದಲೇ ಆ ತಾಯಿ ತೀರಿಕೊಂಡರು. ಹದಿನೆಂಟು ತುಂಬುವ ಮುನ್ನ, 1900ರಲ್ಲಿ, ತಂದೆಯೂ ಹೋದರು. ಚಿಕ್ಕಂದಿನಿಂದಲೇ ಉಸಿರಾಟದ ತೊಂದರೆ ಇತ್ತು. ಅಸ್ತಮಾ ಅವರನ್ನು ಜೀವನವಿಡೀ ಬಿಡಲಿಲ್ಲ.

ನಾವು ಕಿಸೆಯಲ್ಲಿಟ್ಟುಕೊಳ್ಳುವ ಇನ್‌ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಆಗ ಬಾರ್ನ್ ಎಪ್ಪತ್ತು ದಾಟಿದ್ದರು. ಅಂದರೆ ಅವರ ಬಾಲ್ಯ, ಯೌವನ, ಸೈನ್ಯದ ದಿನಗಳು ಎಲ್ಲವೂ ಅದಿಲ್ಲದೆಯೇ ಕಳೆದವು. ರಾತ್ರಿ ಎರಡು ಗಂಟೆಗೆ ಉಸಿರಿಗಾಗಿ ಹಾಸಿಗೆ ಮೇಲೆ ಎದ್ದು ಕುಳಿತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬ್ರೆಸ್ಲೌ, ಹೈಡೆಲ್‌ಬರ್ಗ್, ಜೂರಿಕ್‌ಗಳಲ್ಲಿ ಓದಿ 1904ರಲ್ಲಿ ಅವರು ಗಟಿಂಗೆನ್‌ಗೆ ಬಂದರು. ಗಣಿತಕ್ಕೆ ಆಗ ಅದು ಜಗತ್ತಿನಲ್ಲೇ ಮೇಲಿನ ಜಾಗ. ಹಿಲ್ಬರ್ಟ್, ಕ್ಲೈನ್, ಮಿಂಕೋವ್‌ಸ್ಕಿ ಮೂವರೂ ಅಲ್ಲಿದ್ದರು. ಹಿಲ್ಬರ್ಟ್ ಅವರ ಪಾಠಗಳ ನೋಟ್ಸ್ ಬರೆದಿಡುವ ಕೆಲಸ ಬಾರ್ನ್‌ಗೆ ಸಿಕ್ಕಿತು. ಪಿಎಚ್‌.ಡಿ.ಗೆ ಅವರು ಮಾಡಿದ ವಿಷಯ ಓದಿ ನನಗೆ ಖುಷಿಯಾಯಿತು. ಬಾಗಿದ ತಂತಿ, ಬಾಗಿದ ಉಕ್ಕಿನ ಪಟ್ಟಿ ಯಾವ ಆಕಾರದಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಯಾವಾಗ ಸಟ್ಟನೆ ಜಿಗಿದು ಬೇರೆ ಆಕಾರಕ್ಕೆ ಹೋಗುತ್ತದೆ ಎಂಬುದು ಆ ಪ್ರಶ್ನೆ. ನಾವು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಕಂಬ ಬಾಗುವ ಲೆಕ್ಕ ಮಾಡುತ್ತೇವಲ್ಲ, ಅದೇ ಕುಲದ್ದು. ಬರೀ ಲೆಕ್ಕ ಮಾಡದೆ ಉಕ್ಕಿನ ಪಟ್ಟಿಗೆ ತೂಕ ಕಟ್ಟಿ ಪ್ರಯೋಗವನ್ನೂ ಮಾಡಿದರು. 1906ರಲ್ಲಿ ಪರೀಕ್ಷೆ ಮುಗಿಯಿತು.

ಕುದುರೆ ಸೈನ್ಯದಿಂದ ಎರಡು ಸಲ ವಾಪಸ್

ಓದು ಮುಗಿದ ಮೇಲೆ ಬಾಕಿ ಇದ್ದದ್ದು ಸೇನೆ. ಆಗಿನ ಜರ್ಮನಿಯಲ್ಲಿ ಗಂಡಸರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು. ಹೆಚ್ಚು ಓದಿದವರಿಗೆ ಒಂದು ರಿಯಾಯಿತಿ. ಸಮವಸ್ತ್ರ, ಊಟದ ಖರ್ಚನ್ನು ತಾವೇ ಹಾಕಿಕೊಂಡರೆ ಒಂದೇ ವರ್ಷದಲ್ಲಿ ಮುಗಿಸಬಹುದಿತ್ತು. ಓದಿನ ಕಾರಣಕ್ಕೆ ಮುಂದೂಡುತ್ತ ಬಂದಿದ್ದ ಬಾರ್ನ್ ಈಗ ಹೋಗಲೇಬೇಕಾಯಿತು. ಬರ್ಲಿನ್ನಿನ ಎರಡನೇ ಗಾರ್ಡ್ ಡ್ರಗೂನ್ ಎಂಬ ಕುದುರೆ ರೆಜಿಮೆಂಟಿಗೆ ಅವರನ್ನು ಹಾಕಿದರು.

ಕುದುರೆ ಲಾಯ ಅಂದರೆ ಹುಲ್ಲು, ಹೊಟ್ಟು, ಧೂಳು, ಕೂದಲು. ಬೆಳಗಿನ ಚಳಿ ಬೇರೆ. ಅಸ್ತಮಾ ಇರುವವರಿಗೆ ಅದೆಂಥ ಜಾಗ ಎಂದು ದನದ ಕೊಟ್ಟಿಗೆ ಗುಡಿಸಿ ಗೊತ್ತಿರುವ ನಾನು ಊಹಿಸಬಲ್ಲೆ. 1907ರ ಜನವರಿಯಲ್ಲಿ ಅವರಿಗೆ ಉಬ್ಬಸ ಜೋರಾಗಿ ಬಂತು. ಸೇನೆ ಅವರನ್ನು ವೈದ್ಯಕೀಯ ಕಾರಣಕ್ಕೆ ಮನೆಗೆ ಕಳಿಸಿತು.

ಅವರು ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್‌ನಲ್ಲಿ ಆರು ತಿಂಗಳು ಓದಿದರು. ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್ ಅವರ ಪಾಠ ಕೇಳಿದರು. ಊರಿಗೆ ಮರಳಿದಾಗ ಸೇನೆ ಮತ್ತೆ ಕರೆಯಿತು. ಈ ಸಲವೂ ಕುದುರೆ ಸೈನ್ಯವೇ, ಕ್ಯುರಾಸಿಯರ್ ಎಂಬ ಪ್ರತಿಷ್ಠಿತ ದಳ. ಈ ಸಲ ನಡೆದದ್ದು ಆರೇ ವಾರ. ಮತ್ತೆ ವೈದ್ಯಕೀಯ ಕಾರಣ, ಮತ್ತೆ ವಾಪಸ್.

ಓದುತ್ತಾ ನಾನು ಇಲ್ಲಿ ನಿಂತೆ. ಭರ್ತಿ ರ‍್ಯಾಲಿಯಿಂದ ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿ ಊರಿಗೆ ಬರುವ ಹುಡುಗರ ಮುಖ ನಾನು ನೋಡಿದ್ದೇನೆ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಅವರು ತಲೆ ಎತ್ತುವುದಿಲ್ಲ. ಅವರಿಗೆ ಅದು ಒಂದು ಸಲ. ಬಾರ್ನ್‌ಗೆ ಎರಡು ಸಲ ಆಯಿತು. ಸಮವಸ್ತ್ರಕ್ಕೆ ಇಡೀ ಸಮಾಜ ಕೈಮುಗಿಯುತ್ತಿದ್ದ ಕಾಲ ಅದು. ಅದರ ಮೇಲೆ, ಪ್ರಷ್ಯದ ಸೇನೆಯಲ್ಲಿ ಯೆಹೂದಿಗಳಿಗೆ ಅಧಿಕಾರಿ ಹುದ್ದೆಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು.

ಪ್ರಯೋಗಾಲಯದಲ್ಲೂ ಅದೃಷ್ಟ ಕೈಕೊಟ್ಟಿತು. ಬ್ರೆಸ್ಲೌನಲ್ಲಿ ಪ್ರಯೋಗ ಮಾಡುವಾಗ ತಂಪು ನೀರಿನ ಪೈಪು ಒಡೆದು ಲ್ಯಾಬ್ ತುಂಬಾ ನೀರಾಯಿತು. ಇವನು ಎಂದಿಗೂ ಭೌತವಿಜ್ಞಾನಿ ಆಗಲಾರ ಎಂದು ಅಲ್ಲಿನ ಪ್ರಾಧ್ಯಾಪಕ ಲುಮ್ಮರ್ ತೀರ್ಪು ಕೊಟ್ಟರು. ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಬಾರ್ನ್ ಮಾಡಿದ್ದ ಕೆಲಸ ನೋಡಿ ಮಿಂಕೋವ್‌ಸ್ಕಿ ಗಟಿಂಗೆನ್‌ಗೆ ಕರೆಸಿಕೊಂಡರು. ಹೋಗಿ ಕೆಲವೇ ವಾರಗಳಲ್ಲಿ, 1909ರ ಜನವರಿಯಲ್ಲಿ, ಮಿಂಕೋವ್‌ಸ್ಕಿ ಅಪೆಂಡಿಸೈಟಿಸ್‌ನಿಂದ ತೀರಿಕೊಂಡರು. ಆದರೂ ಬಾರ್ನ್ ಅಲ್ಲೇ ಉಳಿದು ಪಾಠ ಮಾಡುವ ಅರ್ಹತೆ ಗಳಿಸಿದರು. 1912ರಲ್ಲಿ ತಮ್ಮ ಗೆಳೆಯ ಥಿಯೋಡರ್ ಫಾನ್ ಕಾರ್ಮನ್ ಜೊತೆ ಸೇರಿ ಹರಳಿನೊಳಗೆ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬ ಲೆಕ್ಕ ಕೊಟ್ಟರು. ಬಾಹ್ಯಾಕಾಶ ಎಲ್ಲಿಂದ ಶುರು ಎಂದು ಹೇಳುವ ಕಾರ್ಮನ್ ರೇಖೆ ಇದೆಯಲ್ಲ, ಅದು ಇದೇ ಕಾರ್ಮನ್ ಹೆಸರಿನದು. 1913ರಲ್ಲಿ ಹೆಡ್ವಿಗ್ ಅವರೊಂದಿಗೆ ಮದುವೆಯಾಯಿತು.

ತೋಪಿನ ಸದ್ದಿಗೆ ಗಣಿತ

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಮ್ಯಾಕ್ಸ್ ಪ್ಲಾಂಕ್ ಅವರ ಆಹ್ವಾನದ ಮೇಲೆ 1915ರಲ್ಲಿ ಬಾರ್ನ್ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಬಂದರು. ಸ್ವಲ್ಪ ದಿನದಲ್ಲೇ ಸೇನೆಯೂ ಬಂತು, ಮೂರನೇ ಸಲ. ಮೊದಲು ಸಿಗ್ನಲ್ಸ್ ವಿಭಾಗ. ನಂತರ ಅಕ್ಟೋಬರ್‌ನಲ್ಲಿ ಬರ್ಲಿನ್ನಿನಲ್ಲೇ ಇದ್ದ ತೋಪುಗಳ ಪರೀಕ್ಷಾ ಆಯೋಗ. ಅಲ್ಲಿ ಒಂದು ಹೊಸ ಘಟಕ ಕಟ್ಟಿದ್ದವರು ರುಡಾಲ್ಫ್ ಲಾಡೆನ್‌ಬರ್ಗ್, ಬಾರ್ನ್ ಅವರ ಬ್ರೆಸ್ಲೌ ದಿನಗಳ ಗೆಳೆಯ.

ಘಟಕದ ಕೆಲಸ ಇದು. ಶತ್ರುವಿನ ತೋಪು ಬೆಟ್ಟದ ಹಿಂದೆ ಅಡಗಿದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಸದ್ದು ಮಾತ್ರ ಕೇಳುತ್ತದೆ. ಆ ಸದ್ದಿನಿಂದಲೇ ಅದು ಎಲ್ಲಿದೆ ಎಂದು ಪತ್ತೆ ಮಾಡಬೇಕು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ದೂರ ದೂರದ ಎರಡು ಠಾಣೆಗಳಲ್ಲಿ ಅದೇ ಸದ್ದು ಅರ್ಧ ಸೆಕೆಂಡಿನ ಅಂತರದಲ್ಲಿ ಕೇಳಿದರೆ, ತೋಪು ಒಂದು ಠಾಣೆಗಿಂತ ಇನ್ನೊಂದಕ್ಕೆ 170 ಮೀಟರ್ ಹೆಚ್ಚು ದೂರದಲ್ಲಿದೆ ಎಂದಾಯಿತು. ಇಂಥ ಬಿಂದುಗಳನ್ನೆಲ್ಲ ನಕ್ಷೆಯ ಮೇಲೆ ಸೇರಿಸಿದರೆ ಒಂದು ಹೈಪರ್ಬೋಲ ಸಿಗುತ್ತದೆ. ಮೂರನೇ ಠಾಣೆ ಇದ್ದರೆ ಇನ್ನೊಂದು ಹೈಪರ್ಬೋಲ. ಎರಡೂ ಕತ್ತರಿಸುವ ಜಾಗದಲ್ಲಿ ತೋಪು. ಪಿಯುಸಿಯಲ್ಲಿ ಹೈಪರ್ಬೋಲ ಯಾಕೆ ಕಲಿಯಬೇಕು ಎಂದು ಬೈದುಕೊಂಡಿದ್ದ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಕಾಗದದ ಮೇಲೆ ಸುಲಭ. ನಿಜದ ಬಯಲಿನಲ್ಲಿ ಗಾಳಿ ಬೀಸುತ್ತದೆ, ಮೇಲೆ ಹೋದಂತೆ ಅದರ ವೇಗ ಬದಲಾಗುತ್ತದೆ, ಸದ್ದಿನ ದಾರಿ ಬಾಗುತ್ತದೆ. ಉಷ್ಣತೆ ಒಂದು ಡಿಗ್ರಿ ಹೆಚ್ಚಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಇವನ್ನೆಲ್ಲ ಲೆಕ್ಕಕ್ಕೆ ತರಲು ಸಿದ್ಧಾಂತ ಬೇಕಿತ್ತು. ಬಾರ್ನ್ ಮಾಡಿದ್ದು ಈ ಸಿದ್ಧಾಂತದ ಕೆಲಸ. ಕುದುರೆ ಮೇಲೆ ಆರು ವಾರ ನಿಲ್ಲದ ದೇಹ, ಮೇಜಿನ ಮುಂದೆ ಯುದ್ಧ ಮುಗಿಯುವವರೆಗೆ ನಿಂತಿತು.

ಎದುರು ಪಾಳೆಯದಲ್ಲಿ, ಬ್ರಿಟಿಷ್ ಸೇನೆಗಾಗಿ ಇದೇ ಕೆಲಸ ಮಾಡುತ್ತಿದ್ದವರು ಲಾರೆನ್ಸ್ ಬ್ರಾಗ್. ಎಕ್ಸ್‌–ರೇಯಿಂದ ಹರಳಿನ ರಚನೆ ತಿಳಿಯುವ ಬ್ರಾಗ್ ನಿಯಮದ ಅದೇ ಬ್ರಾಗ್. ಹೀಗೆ ಹರಳುಗಳನ್ನು ಅರಿತ ಇಬ್ಬರು, ಎರಡು ಕಡೆ ಕೂತು ತೋಪಿನ ಸದ್ದಿಗೆ ಕಿವಿಗೊಟ್ಟಿದ್ದರು. ಇನ್ನೊಂದು ಹೆಸರನ್ನೂ ಹೇಳಬೇಕು. ಪರಮಾಣು ಸಂಖ್ಯೆಗೆ ಅರ್ಥ ಕೊಟ್ಟ ಹೆನ್ರಿ ಮೋಸ್ಲೆ, 27 ವರ್ಷದ ಹುಡುಗ, ದೇಹ ಗಟ್ಟಿಯಿತ್ತು, ಮನಸ್ಸೂ ಇತ್ತು. ಬ್ರಿಟಿಷ್ ಸೇನೆಯಲ್ಲಿ ರಣರಂಗಕ್ಕೆ ಹೋದರು. 1915ರ ಆಗಸ್ಟ್‌ನಲ್ಲಿ ಗ್ಯಾಲಿಪೊಲಿಯಲ್ಲಿ ಗುಂಡೇಟಿಗೆ ಸತ್ತರು. ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಎಷ್ಟು ದೊಡ್ಡದು ಎನ್ನಲು ಈ ಒಂದು ಸಾವು ಸಾಕು.

ಬಾರ್ನ್ ತಮಗೆ ಸಿಕ್ಕ ಜಾಗವನ್ನು ತಮಗೊಬ್ಬರಿಗೇ ಇಟ್ಟುಕೊಳ್ಳಲಿಲ್ಲ. ಯುವ ಭೌತವಿಜ್ಞಾನಿಗಳನ್ನು ಈ ಘಟಕಕ್ಕೆ ಕರೆಸಿಕೊಳ್ಳಲು ಪ್ರಯತ್ನಿಸಿದರು. ಹಾಗೆ ಬಂದವರಲ್ಲಿ ಆಲ್ಫ್ರೆಡ್ ಲಾಂಡೆ ಒಬ್ಬರು. ಬಿಡುವಿನಲ್ಲಿ ಇಬ್ಬರೂ ಸೇರಿ ಉಪ್ಪಿನ ಹರಳನ್ನು ಹಿಡಿದಿಟ್ಟಿರುವ ಶಕ್ತಿ ಎಷ್ಟು ಎಂದು ಲೆಕ್ಕ ಹಾಕಿದರು. ಅದೇ ಬಾರ್ನ್–ಲಾಂಡೆ ಸಮೀಕರಣ. ಬರ್ಲಿನ್ನಿನಲ್ಲಿ ಐನ್‌ಸ್ಟೈನ್ ಜೊತೆ ಸ್ನೇಹ ಬೆಳೆದದ್ದೂ ಆಗಲೇ. ಬಾರ್ನ್ ಪಿಯಾನೊ, ಐನ್‌ಸ್ಟೈನ್ ವಯಲಿನ್. ಆ ಸ್ನೇಹ ಐನ್‌ಸ್ಟೈನ್ ಸಾಯುವವರೆಗೂ ಪತ್ರಗಳಲ್ಲಿ ನಡೆಯಿತು.

1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತ್ತು. ಅದರ ಹಿಂದೆ ಇದ್ದವರು ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್. ವಿಷಾನಿಲದ ಆ ಕೆಲಸದಿಂದ ಬಾರ್ನ್ ದೂರ ನಿಂತರು. ಹೇಬರ್ ಜೊತೆ ಅವರು ಬೆರೆತು ಕೆಲಸ ಮಾಡಿದ್ದು ಆಮೇಲೆ, ಹರಳಿನ ಶಕ್ತಿಯ ಲೆಕ್ಕಕ್ಕೆ. ಪಠ್ಯದಲ್ಲಿ ಎರಡು ಹೆಸರ ನಡುವೆ ಒಂದು ಪುಟ್ಟ ಗೆರೆ ಇದೆ. ಆ ಗೆರೆಯ ಹಿಂದೆ ಇಷ್ಟೆಲ್ಲ ಇದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಉಸಿರು ಕಟ್ಟುವುದು ಎಂದರೇನೆಂದು ಬಲ್ಲವರೊಬ್ಬರು ಆ ಕೆಲಸದಿಂದ ದೂರ ನಿಂತದ್ದು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು.

ರಜೆ ಕೊಟ್ಟ ಮೇಷ್ಟ್ರು

ಯುದ್ಧದ ನಂತರ ಫ್ರಾಂಕ್‌ಫರ್ಟ್, 1921ರಿಂದ ಮತ್ತೆ ಗಟಿಂಗೆನ್. ಅಲ್ಲಿ ಬಾರ್ನ್ ಅವರ ಸುತ್ತ ಸೇರಿದ ಹುಡುಗರ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಪೌಲಿ, ಹೈಸೆನ್‌ಬರ್ಗ್, ಯೊರ್ಡಾನ್, ಆಪನ್‌ಹೈಮರ್, ಜೊತೆಗೆ ಮರಿಯಾ ಗೊಪೆರ್ಟ್ ಎಂಬ ಹುಡುಗಿ. ಇವರಲ್ಲಿ ಪೌಲಿ, ಹೈಸೆನ್‌ಬರ್ಗ್, ಮರಿಯಾ ಮೂವರಿಗೂ ಮುಂದೆ ನೊಬೆಲ್ ಬಂತು.

1925ರ ಜೂನ್‌ನಲ್ಲಿ ಹೈಸೆನ್‌ಬರ್ಗ್‌ಗೆ ಹೂವಿನ ಪರಾಗದ ಅಲರ್ಜಿ ವಿಪರೀತವಾಗಿ ಮುಖವೆಲ್ಲ ಊದಿಕೊಂಡಿತು. 23 ವರ್ಷದ ಆ ಸಹಾಯಕ ಬಾರ್ನ್ ಬಳಿ ಎರಡು ವಾರ ರಜೆ ಕೇಳಿದ. ಬಾರ್ನ್ ಕೊಟ್ಟರು. ಹುಡುಗ ಗಿಡಮರ ಹೆಚ್ಚಿಲ್ಲದ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋದ. ಅಲ್ಲಿ ಉಸಿರು ಸರಿಹೋಯಿತು, ತಲೆಯೂ ಓಡಿತು. ಬರುವಾಗ ಕ್ವಾಂಟಂ ಮೆಕ್ಯಾನಿಕ್ಸ್‌ನ ಬೀಜ ತಂದ. ಅವನ ಹಸ್ತಪ್ರತಿಯಲ್ಲಿದ್ದ ವಿಚಿತ್ರ ಗುಣಾಕಾರ ನೋಡಿ, ಇದು ತಾನು ಬ್ರೆಸ್ಲೌನಲ್ಲಿ ಕಲಿತಿದ್ದ ಮ್ಯಾಟ್ರಿಕ್ಸ್ ಎಂದು ಗುರುತಿಸಿದವರು ಬಾರ್ನ್. ಮೊದಲ ಸೆಮಿಸ್ಟರ್ ಗಣಿತದಲ್ಲಿ ನಾವು ಓದುವ ಅದೇ ಮ್ಯಾಟ್ರಿಕ್ಸ್.

ಮರುವರ್ಷ, 1926ರಲ್ಲಿ, ಶ್ರೋಡಿಂಗರ್ ಅವರ ತರಂಗ ಫಲನದ ಅರ್ಥವೇನು ಎಂಬುದಕ್ಕೆ ಬಾರ್ನ್ ಉತ್ತರ ಕೊಟ್ಟರು. ಕಣ ಇಲ್ಲೇ ಇದೆ ಎಂದು ಅದು ಹೇಳುವುದಿಲ್ಲ, ಇಲ್ಲಿರುವ ಸಂಭವ ಎಷ್ಟು ಎಂದಷ್ಟೇ ಹೇಳುತ್ತದೆ ಎಂಬುದು ಆ ಉತ್ತರ. ಗೆಳೆಯ ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಹೈಸೆನ್‌ಬರ್ಗ್‌ಗೆ ನೊಬೆಲ್ ಬಂದದ್ದು 1932ರ ಸಾಲಿನಲ್ಲಿ, ಒಬ್ಬರಿಗೇ. ಮೇಷ್ಟ್ರಿಗೆ ಬಂದದ್ದು 28 ವರ್ಷ ಕಾದ ಮೇಲೆ.

ಬೆಂಗಳೂರಿನ ಒಂದು ಸಂಜೆ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದಿಯಾದ ಕಾರಣಕ್ಕೆ ಬಾರ್ನ್ ಅವರನ್ನು ಕೆಲಸದಿಂದ ಅಮಾನತು ಮಾಡಿದರು. ಆ ದೇಶದ ಸೇನೆಗೆ ಮೂರು ಸಲ ಹೋದವರನ್ನು ಆ ದೇಶವೇ ಬೇಡ ಎಂದಿತು. ಅವರು ಸಂಸಾರದೊಂದಿಗೆ ಹೊರಟು ಕೇಂಬ್ರಿಜ್ ಸೇರಿದರು. ಅಲ್ಲಿದ್ದದ್ದು ತಾತ್ಕಾಲಿಕ ಕೆಲಸ.

ಆಗ ಕರೆದದ್ದು ನಮ್ಮ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಆಹ್ವಾನಿಸಿದರು. 1935–36ರಲ್ಲಿ ಆರು ತಿಂಗಳ ಕಾಲ ಬಾರ್ನ್ ದಂಪತಿ ಇಲ್ಲಿದ್ದರು. ಅವರನ್ನು ಕಾಯಂ ಆಗಿ ಇಲ್ಲೇ ಉಳಿಸಿಕೊಳ್ಳಬೇಕು ಎಂದು ರಾಮನ್ ಪ್ರಸ್ತಾಪ ಇಟ್ಟರು. ಪ್ರಾಧ್ಯಾಪಕರ ಸಭೆಯಲ್ಲಿ, ಬಾರ್ನ್ ಎದುರಿಗೇ ಕುಳಿತಿರುವಾಗ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿದರು. ಬಾರ್ನ್ ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟರು. ಕಾಯಂ ಹುದ್ದೆಯ ಮಾತು ಅಲ್ಲಿಗೇ ನಿಂತಿತು.

ಇದನ್ನು ಓದಿದ ಮೇಲೆ ಒಂದು ಭಾನುವಾರ ಆ ಸಂಸ್ಥೆಯ ಮರಗಳ ಕೆಳಗೆ ನಡೆದು ಬಂದೆ. 53 ವರ್ಷದ ದೊಡ್ಡ ವಿಜ್ಞಾನಿಯೊಬ್ಬರು ಇಲ್ಲೇ ಎಲ್ಲೋ ತಲೆ ತಗ್ಗಿಸಿ ಮನೆಗೆ ನಡೆದಿದ್ದರು. ನಮಗೆ ಒಂದು ಇಂಟರ್‌ವ್ಯೂನಲ್ಲಿ ಆಯ್ಕೆ ಆಗದಿದ್ದರೆ ಲೋಕವೇ ಮುಗಿಯಿತು ಅನ್ನಿಸುತ್ತದಲ್ಲ, ಅದು ನೆನಪಾಯಿತು.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. 1939ರ ಆಗಸ್ಟ್ 31ರಂದು ಅವರಿಗೆ ಬ್ರಿಟಿಷ್ ಪೌರತ್ವ ಸಿಕ್ಕಿತು. ಮರುದಿನವೇ ಎರಡನೇ ಮಹಾಯುದ್ಧ ಶುರು. ಅವರ ಬಳಿ ಕಲಿತ ಹಲವರು ಅಣುಬಾಂಬ್ ಕೆಲಸಕ್ಕೆ ಹೋದರು, ಆಪನ್‌ಹೈಮರ್ ಅದರ ಮುಂದಾಳು. ಬಾರ್ನ್ ಆ ಕೆಲಸಕ್ಕೆ ಹೋಗಲಿಲ್ಲ. 1955ರಲ್ಲಿ ಅಣ್ವಸ್ತ್ರಗಳ ವಿರುದ್ಧ ರಸೆಲ್ ಮತ್ತು ಐನ್‌ಸ್ಟೈನ್ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದರು. ಕೊನೆಯ ವರ್ಷಗಳಲ್ಲಿ ಜರ್ಮನಿಗೇ ಮರಳಿ, 1970ರ ಜನವರಿ 5ರಂದು ಗಟಿಂಗೆನ್‌ನಲ್ಲಿ ತೀರಿಕೊಂಡರು. ಉಬ್ಬಸದ ಹುಡುಗ 87 ವರ್ಷ ಬದುಕಿದ್ದರು. ಅವರ ಸಮಾಧಿ ಕಲ್ಲಿನ ಮೇಲೆ ಕ್ವಾಂಟಂ ಮೆಕ್ಯಾನಿಕ್ಸ್‌ನ ಸಮೀಕರಣ ಕೆತ್ತಿದ್ದಾರೆ.

ನಾನು ಬರೆದ ಅರ್ಜಿ

ಗೆಳೆಯರೇ, ಬಾರ್ನ್ ಕಥೆ ಓದಿ ನನ್ನ ಅಸ್ತಮಾ ಹೋಗಲಿಲ್ಲ. ಸೇನಾಧಿಕಾರಿ ಆಗುವ ದಾರಿಯೂ ತೆರೆಯಲಿಲ್ಲ. ನಮ್ಮ ಸೇನೆಯ ವೈದ್ಯಕೀಯ ನಿಯಮದಲ್ಲಿ ಅಸ್ತಮಾ ಇದ್ದವರಿಗೆ ಅವಕಾಶ ಇಲ್ಲ. ಆ ನಿಯಮ ಯಾಕಿದೆ ಎಂದು ಡಿಸೆಂಬರ್‌ನ ಓಟದಲ್ಲೇ ನನಗೆ ಅರ್ಥವಾಗಬೇಕಿತ್ತು. ಅಲ್ಲಿ ಸೋತದ್ದು ಒಂದು ಟ್ರೋಫಿ. ಗಡಿಯಲ್ಲಿ ನನ್ನನ್ನು ಎತ್ತಿಕೊಳ್ಳಲು ಇಬ್ಬರು ಹಿಂದಿರುಗಿ ಬಂದರೆ ಹೋಗುವುದು ಅವರ ಪ್ರಾಣ. ಮೆಡಿಕಲ್ ದಿನ ಮುಚ್ಚಿಟ್ಟು ಪಾಸಾಗುವ ಉಪಾಯಗಳನ್ನು ನಮ್ಮಲ್ಲಿ ಹಲವರು ಹೇಳಿಕೊಡುತ್ತಾರೆ. ಅದನ್ನು ಧೈರ್ಯ ಎಂದು ನಾನೂ ತಿಳಿದಿದ್ದೆ.

ಮುಂದಿನ ಕ್ಯಾಂಪಿನ ಪಟ್ಟಿ ಬಂದಾಗ ನನ್ನ ಹೆಸರು ಮತ್ತೆ ಅಡೆತಡೆ ಓಟದ ತಂಡದಲ್ಲಿತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಒಂದು ಪುಟದ ಅರ್ಜಿ ಬರೆದೆ. ನನಗೆ ಅಸ್ತಮಾ ಇದೆ, ಇಷ್ಟು ದಿನ ಹೇಳದೆ ಇದ್ದದ್ದು ತಪ್ಪು, ಮ್ಯಾಪ್ ರೀಡಿಂಗ್ ತಂಡಕ್ಕೆ ಹಾಕಿದರೆ ಮನಸಿಟ್ಟು ಮಾಡುತ್ತೇನೆ ಎಂದು. ಡಾಕ್ಟರ್ ಚೀಟಿ ಲಗತ್ತಿಸಿದೆ. ಅದನ್ನು ಸರ್ ಕೈಗೆ ಕೊಡುವಾಗ ಉಬ್ಬಸ ಬಂದಾಗಿನಷ್ಟೇ ಎದೆ ಬಿಗಿದಿತ್ತು. ಅವರು ಎರಡು ಸಲ ಓದಿದರು. ಹೇಳದೆ ಇದ್ದದ್ದಕ್ಕೆ ಸರಿಯಾಗಿ ಬೈದರು. ಆಮೇಲೆ ನಾನು ಕೇಳಿದ ತಂಡಕ್ಕೇ ಹಾಕಿದರು. ಓಟದ ದಿನ ನನ್ನನ್ನು ಎತ್ತಿಕೊಂಡಿದ್ದ ಇಬ್ಬರಿಗೂ ನಿಜ ಹೇಳಿದೆ. ಒಬ್ಬ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅಷ್ಟು ಸಿಟ್ಟು ನ್ಯಾಯವೇ.

ಕಾಕಾಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಧಿಕಾರಿಯಾಗುವ ದಾರಿ ನನಗಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು ಇಟ್ಟುಬಿಟ್ಟರು. ಮರುದಿನ ತಾವೇ ಫೋನ್ ಮಾಡಿದರು. ತಮ್ಮ ಪಲ್ಟನ್ನಿನಲ್ಲಿ ಮೊಣಕಾಲು ಕೆಟ್ಟ ಮೇಲೆ ಸ್ಟೋರ್ಸ್‌ಗೆ ಹೋದ ಜೊತೆಗಾರರೊಬ್ಬರ ಬಗ್ಗೆ ಹೇಳಿದರು. ಆ ಮನುಷ್ಯ ಇದ್ದ ಅಷ್ಟೂ ವರ್ಷ ತಮಗೆ ಒಂದು ದಿನವೂ ಬೂಟು, ಕಂಬಳಿಗೆ ಕೊರತೆ ಬರಲಿಲ್ಲವಂತೆ. ನನ್ನ ವಿಷಯ ಅವರು ಏನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಈಗ ಗೇಟ್ ಪರೀಕ್ಷೆಗೆ ಓದುತ್ತಿದ್ದೇನೆ. ಆ ಅಂಕದ ಮೇಲೆ ಡಿಆರ್‌ಡಿಒದಲ್ಲಿ ವಿಜ್ಞಾನಿ ಹುದ್ದೆಗೆ ಅರ್ಜಿ ಹಾಕಬಹುದು. ಸಿಗುತ್ತದೆಯೋ ಇಲ್ಲವೋ ನೋಡಬೇಕು. ಅರ್ಜಿ ನಮೂನೆಯಲ್ಲಿ ಆರೋಗ್ಯದ ಬಗ್ಗೆ ಕೇಳಿದ ಕಡೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಇನ್‌ಹೇಲರ್ ಈಗ ಟ್ರಂಕಿನ ತಳದಲ್ಲಿಲ್ಲ, ಎಲ್ಲರಿಗೂ ಕಾಣುವಂತೆ ಮೇಲಿನ ಕಿಸೆಯಲ್ಲಿದೆ.